ಕೆಂಪೇಡಿಗಳ ಕ್ರಿಸ್‌ಮಸ್ ದ್ವೀಪ

ಇಂಡೊನೇಷ್ಯಾದ ಜಾವಾದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದ ನಡುವೆ ಒಂಟಿಯಾಗಿ ನಿಂತಿರುವ ನೆಲವೇ ಕ್ರಿಸ್‌ಮಸ್ ದ್ವೀಪ. ಆಡಳಿತ ಆಸ್ಟ್ರೇಲಿಯಾದ್ದು, ಆದರೆ ಆ ದೇಶದ ಪರ್ತ್ ನಗರ ಇಲ್ಲಿಂದ 2,600 ಕಿ.ಮೀ. ಆಚೆಗಿದೆ. ದ್ವೀಪದ ವಿಸ್ತೀರ್ಣ 135 ಚದರ ಕಿ.ಮೀ. 2021ರ ಜನಗಣತಿಯಂತೆ ಇಲ್ಲಿರುವವರು 1,692 ಮಂದಿ. ಹೆಚ್ಚಿನವರು ಚೀನೀ, ಮಲಯ ಮತ್ತು ಯುರೋಪ್ ಮೂಲದವರು. ಊರು, ಬಂದರು, ವಿಮಾನ ನಿಲ್ದಾಣ ಎಲ್ಲವೂ ಈಶಾನ್ಯದ ಮೂಲೆಯಲ್ಲಿ ಒತ್ತಾಗಿವೆ. ಉಳಿದ ನೆಲದ ಬಹುಭಾಗ ಕಾಡು. ಒಟ್ಟು ಭೂಭಾಗದ ಶೇ 63ರಷ್ಟು ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ.

ಹೊರಗಿನ ಜನ ಇಲ್ಲಿಗೆ ಬರುವುದು ಮಳೆಗಾಲ ಶುರುವಾಗುತ್ತಿದ್ದಂತೆ ಕಾಡಿನಿಂದ ಕಡಲಿಗಿಳಿಯುವ ಕೋಟಿಗಟ್ಟಲೆ ಕೆಂಪೇಡಿಗಳನ್ನು ನೋಡಲು. ದ್ವೀಪದ ಕಾಡು ಈಗಿನಂತೆ ಕಾಣುವುದಕ್ಕೂ ಇದೇ ಏಡಿಗಳೇ ಕಾರಣ. ಅವುಗಳಿಗೆ ಕುತ್ತು ಬಂದಾಗ ಕಾಡಿನ ರೂಪವೇ ಬದಲಾಗತೊಡಗಿತು.

ಕಡಲಾಳದಿಂದ ಎದ್ದ ಬೆಟ್ಟ

ಸಮುದ್ರದ ತಳದಿಂದ ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದಿರುವ ಜ್ವಾಲಾಮುಖಿ ಬೆಟ್ಟವೊಂದರ ತುದಿಯೇ ಈ ದ್ವೀಪ. ನೀರಿನ ಮೇಲೆ ಕಾಣುವುದು ಅದರ ನೆತ್ತಿ ಮಾತ್ರ. ಅತಿ ಎತ್ತರದ ಜಾಗವಾದ ಮರ್‍ರೇ ಹಿಲ್ ಸಮುದ್ರ ಮಟ್ಟದಿಂದ 361 ಮೀಟರ್ ಮೇಲಿದೆ. ಜ್ವಾಲಾಮುಖಿ ಕೋಟ್ಯಂತರ ವರ್ಷಗಳ ಹಿಂದೆಯೇ ಆರಿತು. ಅದರ ತಲೆಯ ಮೇಲೆ ಹವಳಗಳು ಬೆಳೆದು, ಸತ್ತು, ಪದರ ಪದರವಾಗಿ ಸುಣ್ಣಕಲ್ಲಾದವು. ಮುಂದೆ ಭೂಚಲನೆಯಿಂದ ಬೆಟ್ಟ ಹಂತ ಹಂತವಾಗಿ ಮೇಲೆದ್ದಿತು. ಒಂದೊಂದು ಹಂತದಲ್ಲೂ ಕಡಲು ದಡವನ್ನು ಕೊರೆದು ಬಂಡೆಗೋಡೆಯನ್ನೂ ಅದರ ಬುಡದಲ್ಲಿ ಸಮತಟ್ಟು ನೆಲವನ್ನೂ ಮಾಡಿಟ್ಟಿತು. ಇಂದು ದಡದಿಂದ ನಡುವಿನ ಪ್ರಸ್ಥಭೂಮಿಗೆ ಏರುವಾಗ ಗೋಡೆ, ತಟ್ಟು, ಮತ್ತೆ ಗೋಡೆ ಎಂಬಂತೆ ಈ ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆ.

ಕರಾವಳಿಯ ಬಹುಪಾಲು ಕಡಿದಾದ ಬಂಡೆ. ಮರಳಿನ ದಂಡೆಗಳು ಬೆರಳೆಣಿಕೆಯಷ್ಟು. ಹಡಗು ನಿಲ್ಲಲು ಅನುವಾದ ಜಾಗ ಫ್ಲೈಯಿಂಗ್ ಫಿಶ್ ಕೋವ್ ಒಂದೇ. 1887ರಲ್ಲಿ ದ್ವೀಪದ ಸಮೀಕ್ಷೆಗೆ ಬಂದ ಬ್ರಿಟಿಷ್ ನೌಕೆಯ ಹೆಸರೇ ಆ ಕೊಲ್ಲಿಗೆ ಬಂತು. ದಕ್ಷಿಣ ದಡದಲ್ಲಿ ಅಲೆಗಳು ಬಂಡೆಯ ಅಡಿಯನ್ನು ಕೊರೆದು ಪೊಳ್ಳು ಮಾಡಿವೆ. ದೊಡ್ಡ ಅಲೆಯೊಂದು ಒಳನುಗ್ಗಿದಾಗ ಒಳಗಿನ ಗಾಳಿ ಮತ್ತು ನೀರು ಮೇಲಿನ ಕಿಂಡಿಗಳಿಂದ ಭೋರ್ಗರೆಯುತ್ತ ಕಾರಂಜಿಯಂತೆ ಚಿಮ್ಮುತ್ತದೆ. ‘ಬ್ಲೋಹೋಲ್ಸ್’ ಎಂದೇ ಹೆಸರಾದ ಈ ಜಾಗದಲ್ಲಿ ಸುಣ್ಣಕಲ್ಲು ಕತ್ತಿಯ ಅಲಗಿನಷ್ಟು ಚೂಪು. ಅದಕ್ಕಾಗಿಯೇ ನಡೆದಾಡಲು ಹಲಗೆಯ ಹಾದಿ ಮಾಡಲಾಗಿದೆ. ಸುಣ್ಣಕಲ್ಲಿನಲ್ಲಿ ಮಳೆನೀರು ಕೊರೆದ ಗುಹೆಗಳೂ ಹಲವಿವೆ. ಊರಿನ ಬಳಿಯ ‘ಗ್ರಾಟೊ’ ಎಂಬ ಸಣ್ಣ ಗವಿಯೊಳಗೆ ಕಡಲಿನ ನೀರು ಅಲೆಯ ಏರಿಳಿತಕ್ಕೆ ತಕ್ಕಂತೆ ಬಂದುಹೋಗುತ್ತದೆ.

1643ರ ಡಿಸೆಂಬರ್ 25ರಂದು ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನ ವಿಲಿಯಂ ಮೈನರ್ಸ್ ಪಕ್ಕದಲ್ಲಿ ಹಾದುಹೋಗುವಾಗ ದ್ವೀಪಕ್ಕೆ ಹಬ್ಬದ ಹೆಸರಿಟ್ಟ. ಆಮೇಲೂ ಎರಡು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಯಾರೂ ನೆಲೆಸಲಿಲ್ಲ. ಹಡಗು ಕಟ್ಟಲು ಜಾಗವಿಲ್ಲದ ಬಂಡೆಗೋಡೆಗಳೇ ದ್ವೀಪವನ್ನು ಕಾಪಾಡಿದವು.

ಗುಡಿಸಿದಂಥ ಕಾಡು

ಕಡಲಂಚಿನಲ್ಲಿ ಉಪ್ಪುಗಾಳಿಗೆ ಬಗ್ಗಿದ ಪೊದೆಗಳು, ಕೇದಿಗೆಯ ಜಾತಿಯ ಮುಳ್ಳುಗಿಡಗಳು, ಕಾಡುಬಾದಾಮಿ ಮರಗಳು. ಮೇಲೇರಿದಂತೆ ಮರಗಳು ಎತ್ತರವಾಗುತ್ತವೆ. ಮಣ್ಣು ಆಳವಾಗಿರುವ ಪ್ರಸ್ಥಭೂಮಿಯ ಮೇಲೆ 30 ಮೀಟರಿಗೂ ಮೀರಿ ಬೆಳೆದ ಮರಗಳ ಮಳೆಕಾಡಿದೆ. ನಮ್ಮ ನೇರಳೆಯ ಕುಲಕ್ಕೆ ಸೇರಿದ ಮರವೂ ಅವುಗಳಲ್ಲಿ ಒಂದು. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಹೆಚ್ಚು.

ಮಳೆಕಾಡೆಂದರೆ ಕಾಲಿಡಲು ಜಾಗವಿಲ್ಲದಷ್ಟು ದಟ್ಟವಾದ ಗಿಡ, ಬಳ್ಳಿ, ಕೊಳೆಯುವ ತರಗೆಲೆ ಎಂಬ ಕಲ್ಪನೆ ಇಲ್ಲಿ ಸುಳ್ಳಾಗುತ್ತದೆ. ಮರಗಳ ನೆರಳಿನಡಿ ನೆಲ ಬೋಳು ಬೋಳು. ತರಗೆಲೆ ತೀರಾ ಕಡಿಮೆ. ಎಳೆಯ ಸಸಿಗಳೂ ವಿರಳ. ದೂರದವರೆಗೆ ಮರದ ಕಾಂಡಗಳು ಮಾತ್ರ ಕಾಣುತ್ತವೆ. ಇದು ಕೆಂಪೇಡಿಗಳ ಕೆಲಸ. ಬಿದ್ದ ಎಲೆ, ಹಣ್ಣು, ಹೂವು, ಮೊಳಕೆ ಎಲ್ಲವನ್ನೂ ಅವು ತಿನ್ನುತ್ತವೆ ಇಲ್ಲವೇ ಬಿಲಕ್ಕೆ ಎಳೆದೊಯ್ಯುತ್ತವೆ. ಅವು ಬಿಲ ತೋಡಿದಾಗ ಮಣ್ಣು ಸಡಿಲವಾಗುತ್ತದೆ, ಅವುಗಳ ಹಿಕ್ಕೆಯಿಂದ ಮಣ್ಣಿಗೆ ಸಾರ ಸಿಗುತ್ತದೆ. ಯಾವ ಜಾತಿಯ ಸಸಿ ಬದುಕಬೇಕು, ಯಾವುದು ಬೇಡ ಎಂಬುದೂ ಬಹುಮಟ್ಟಿಗೆ ಅವುಗಳ ನಾಲಿಗೆಯ ರುಚಿಗೆ ಬಿಟ್ಟದ್ದು. ವಿಜ್ಞಾನಿಗಳು ಸಣ್ಣ ಜಾಗಗಳಿಗೆ ಬೇಲಿ ಹಾಕಿ ಏಡಿಗಳನ್ನು ಹೊರಗಿಟ್ಟು ನೋಡಿದಾಗ ಬೇಲಿಯೊಳಗೆ ಸಸಿಗಳು ಒತ್ತೊತ್ತಾಗಿ ಎದ್ದವು.

ಕೆಂಪೇಡಿಯ ಚಿಪ್ಪು ಹೆಚ್ಚೆಂದರೆ 11–12 ಸೆಂ.ಮೀ. ಅಗಲ. ಆಯಸ್ಸು 20–30 ವರ್ಷ. ನೆಲದ ಮೇಲೆ ಬದುಕಿದರೂ ಉಸಿರಾಟಕ್ಕೆ ತೇವ ಬೇಕೇ ಬೇಕು. ಬಿಸಿಲಿಗೆ ಸಿಕ್ಕರೆ ಒಣಗಿ ಸಾಯುತ್ತದೆ. ಹೀಗಾಗಿ ಮಳೆಯಿಲ್ಲದ ತಿಂಗಳುಗಳಲ್ಲಿ ಬಿಲ ಸೇರಿ, ಬಿಲದ ಬಾಯಿಗೆ ಎಲೆಗಳ ಮುದ್ದೆ ತುರುಕಿ ಒಳಗಿನ ತಂಪು ಕಾದುಕೊಳ್ಳುತ್ತದೆ.

ಮಳೆ, ಚಂದ್ರ ಮತ್ತು ಕಡಲ ಭರತ

ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಮೊದಲ ಒಳ್ಳೆಯ ಮಳೆ ಬಿದ್ದೊಡನೆ ಇಡೀ ಕಾಡು ಕದಲುತ್ತದೆ. ಮೊದಲು ಹೊರಡುವುದು ಗಂಡುಗಳು, ಹಿಂದೆಯೇ ಹೆಣ್ಣುಗಳು. ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ ನಡಿಗೆ, ನಡುಮಧ್ಯಾಹ್ನ ನೆರಳಿನಲ್ಲಿ ವಿಶ್ರಾಂತಿ. ಬಂಡೆ, ರಸ್ತೆ, ಮನೆಯಂಗಳ, ರೈಲು ಹಳಿಯ ಹಳೆಯ ಜಾಡು ಯಾವುದನ್ನೂ ಲೆಕ್ಕಿಸದೆ ಇಳಿಯುತ್ತವೆ. ಕಡಿದಾದ ಬಂಡೆಗೋಡೆಯ ಮೇಲೆ ಕಾಲೂರಿ ಸಾವಿರಾರು ಏಡಿಗಳು ಏಕಕಾಲಕ್ಕೆ ಇಳಿಯುವಾಗ ಚಿಪ್ಪುಗಳು ಕಲ್ಲಿಗೆ ತಾಗುವ ಸದ್ದು ದೂರಕ್ಕೂ ಕೇಳುತ್ತದೆ.

ದಡ ತಲುಪಿದ ಏಡಿ ಮೊದಲು ಕಡಲಿನಲ್ಲಿ ಮುಳುಗು ಹಾಕಿ, ದಾರಿಯಲ್ಲಿ ಕಳೆದುಕೊಂಡ ನೀರು, ಉಪ್ಪನ್ನು ತುಂಬಿಕೊಳ್ಳುತ್ತದೆ. ಬಳಿಕ ಗಂಡು ಕೆಳಗಿನ ತಟ್ಟಿನಲ್ಲಿ ಬಿಲ ತೋಡುತ್ತದೆ. ಜಾಗಕ್ಕಾಗಿ ಗಂಡುಗಳ ನಡುವೆ ಕೊಂಡಿಯ ಜಗಳ ಸಾಮಾನ್ಯ. ಬಿಲದಲ್ಲಿ ಮಿಲನವಾದ ಮೇಲೆ ಗಂಡು ಇನ್ನೊಂದು ಮುಳುಗು ಹಾಕಿ ಕಾಡಿಗೆ ವಾಪಸ್. ಹೆಣ್ಣು ಅಲ್ಲೇ ತೇವದ ಬಿಲದಲ್ಲಿ 12–13 ದಿನ ಉಳಿದು, ಹೊಟ್ಟೆಯಡಿಯ ಚೀಲದಲ್ಲಿ ಮೊಟ್ಟೆ ಹೊರುತ್ತದೆ. ಒಂದೊಂದು ಹೆಣ್ಣಿನ ಬಳಿ ಒಂದು ಲಕ್ಷದವರೆಗೆ ಮೊಟ್ಟೆಗಳಿರುತ್ತವೆ.

ಮೊಟ್ಟೆ ಬಿಡುವ ಗಳಿಗೆಯನ್ನು ಚಂದ್ರ ನಿರ್ಧರಿಸುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಭರತ ಮತ್ತು ಇಳಿತದ ನಡುವಿನ ಅಂತರ ತಿಂಗಳಲ್ಲೇ ಕಡಿಮೆ. ದಡದ ನೀರು ಹೆಚ್ಚು ಏರದೆ, ಇಳಿಯದೆ ಇರುವುದರಿಂದ ಹೆಣ್ಣೇಡಿಗಳಿಗೆ ಕೊಚ್ಚಿಹೋಗುವ ಭಯ ಕಡಿಮೆ. ಈ ದಿನಗಳಲ್ಲಿ ನಸುಕಿಗೆ ಮುನ್ನ, ಭರತ ಏರಿ ಇಳಿಯತೊಡಗಿದಾಗ, ಹೆಣ್ಣುಗಳು ಅಲೆಯಂಚಿಗೆ ಬಂದು, ಕೊಂಡಿಗಳನ್ನೆತ್ತಿ ಮೈ ಕೊಡವಿ ಮೊಟ್ಟೆಗಳನ್ನು ನೀರಿಗೆ ಸುರಿಯುತ್ತವೆ. ನೀರು ತಾಗಿದ ಕೂಡಲೇ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಮಳೆ ತಡವಾಗಿ ಆ ತಿಂಗಳ ಮುಹೂರ್ತ ತಪ್ಪಿದರೆ ಏಡಿಗಳು ಮುಂದಿನ ಚಾಂದ್ರಮಾಸಕ್ಕೆ ಕಾಯುತ್ತವೆ.

ಮರಿಗಳು ಸುಮಾರು ಒಂದು ತಿಂಗಳು ಕಡಲಿನಲ್ಲಿ ತೇಲುತ್ತ ರೂಪ ಬದಲಿಸುತ್ತವೆ. ಮೀನು, ಮ್ಯಾಂಟಾ ರೇ, ತಿಮಿಂಗಿಲ ಶಾರ್ಕ್‌ಗಳಿಗೆ ಆಗ ಸುಗ್ಗಿ. ಬದುಕುಳಿದವು ಐದು ಮಿ.ಮೀ. ಅಗಲದ ಪುಟ್ಟ ಏಡಿಗಳಾಗಿ ದಡ ಹತ್ತಿ, ಒಂಬತ್ತು ದಿನಗಳ ಆಸುಪಾಸಿನಲ್ಲಿ ಪ್ರಸ್ಥಭೂಮಿ ಸೇರುತ್ತವೆ. ಅವು ಬೆಳೆದು ತಾವೂ ವಲಸೆ ಹೊರಡಲು ನಾಲ್ಕೈದು ವರ್ಷ ಬೇಕು. ಹೆಚ್ಚಿನ ವರ್ಷ ಹೀಗೆ ಮರಳುವ ಮರಿಗಳು ತೀರಾ ಕಡಿಮೆ. ಕೆಲವು ವರ್ಷ ಒಂದೂ ಬರುವುದಿಲ್ಲ. ದಶಕಕ್ಕೆ ಒಂದೆರಡು ಸಲ ಮಾತ್ರ ದಡವೆಲ್ಲ ಕೆಂಪಾಗುವಷ್ಟು ಮರಿಗಳು ಬರುತ್ತವೆ. ಏಡಿಗಳ ಸಂತತಿ ನಿಂತಿರುವುದು ಆ ಒಂದೆರಡು ವರ್ಷಗಳ ಮೇಲೆಯೇ.

ವಲಸೆಯ ಕಾಲದಲ್ಲಿ ಉದ್ಯಾನದ ಸಿಬ್ಬಂದಿ ಹಲವು ರಸ್ತೆಗಳನ್ನು ಮುಚ್ಚುತ್ತಾರೆ. ರಸ್ತೆ ಬದಿಗೆ ತಡೆಬೇಲಿ ಹಾಕಿ, ಏಡಿಗಳನ್ನು ರಸ್ತೆಯಡಿಯ ಕಿರುಸುರಂಗಗಳತ್ತ ತಿರುಗಿಸಲಾಗುತ್ತದೆ. ಒಂದೆಡೆ ರಸ್ತೆಯ ಮೇಲಿನಿಂದ ದಾಟಲು ಐದು ಮೀಟರ್ ಎತ್ತರದ ಸೇತುವೆಯೂ ಇದೆ. ತೆರೆದ ರಸ್ತೆಯಲ್ಲಿ ವಾಹನ ಓಡಿಸುವವರು ಆಗಾಗ ಇಳಿದು ಕುಂಟೆಯಿಂದ ಏಡಿಗಳನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಾರೆ.

ತೆಂಗಿನೇಡಿ, ನೀಲಿ ಏಡಿ

ಕೆಂಪೇಡಿಗಳ ಈ ಕಾಡಿನಲ್ಲಿ ಅವುಗಳನ್ನೂ ಹಿಡಿದು ತಿನ್ನಬಲ್ಲ ಇನ್ನೊಂದು ಏಡಿ ಇದೆ. ಅದು ತೆಂಗಿನೇಡಿ, ಸ್ಥಳೀಯರ ಬಾಯಲ್ಲಿ ‘ರಾಬರ್ ಕ್ರ್ಯಾಬ್’. ನೆಲದ ಮೇಲೆ ಬದುಕುವ ಸಂಧಿಪದಿಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ತೂಕ ನಾಲ್ಕು ಕಿಲೋವರೆಗೆ, ಚಾಚಿದ ಕಾಲುಗಳ ಅಗಲ ಒಂದು ಮೀಟರ್‌ವರೆಗೆ. ಶಂಖ ಹೊತ್ತು ತಿರುಗುವ ಸನ್ಯಾಸಿ ಏಡಿಯ ಹತ್ತಿರದ ಸಂಬಂಧಿ ಇದು. ಮರಿಯಾಗಿದ್ದಾಗ ಶಂಖದೊಳಗೇ ಇದ್ದು, ಬೆಳೆದ ಮೇಲೆ ಬೆನ್ನು ಗಟ್ಟಿಯಾಗಿ ಅದನ್ನು ಬಿಡುತ್ತದೆ. ಮರ ಹತ್ತುತ್ತದೆ, ಕೊಂಡಿಯಿಂದ ತೆಂಗಿನಕಾಯಿ ಸುಲಿದು ಒಡೆಯುತ್ತದೆ, ವಾಸನೆ ಹಿಡಿದು ಆಹಾರದ ಬಳಿ ಬರುತ್ತದೆ. ಬಿಡಾರ ಹೂಡಿದವರ ಪಾತ್ರೆ, ಚಪ್ಪಲಿ ಎಳೆದೊಯ್ಯುವ ಚಾಳಿಯಿಂದಲೇ ‘ದರೋಡೆಕೋರ’ ಎಂಬ ಹೆಸರು ಬಂತು. ಬೆಳವಣಿಗೆ ಬಲು ನಿಧಾನ. ದೊಡ್ಡ ಏಡಿಯೊಂದರ ವಯಸ್ಸು 50 ದಾಟಿರಬಹುದು. ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಎಷ್ಟೋ ದ್ವೀಪಗಳಲ್ಲಿ ಜನ ತಿಂದು ಮುಗಿಸಿದ ಈ ಪ್ರಾಣಿ ಇಲ್ಲಿ ಕಾನೂನಿನ ರಕ್ಷಣೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಉಳಿದಿದೆ. ಈಗ ಇದಕ್ಕೆ ದೊಡ್ಡ ಅಪಾಯ ವೇಗವಾಗಿ ಬರುವ ವಾಹನ.

ಮೂರನೆಯದು ತಿಳಿನೀಲಿ ಬಣ್ಣದ ಏಡಿ. ಸಿಹಿನೀರು ಹರಿಯುವ ಕಡೆಯಷ್ಟೇ ಕಾಣುವ ಇದನ್ನು ಪ್ರತ್ಯೇಕ ಜಾತಿಯೆಂದು ವಿಜ್ಞಾನಿಗಳು ಹೆಸರಿಸಿದ್ದು 2012ರಲ್ಲಿ.

ಕಲ್ಲಿನಡಿಯಿಂದ ಬರುವ ನೀರು

ದ್ವೀಪದಲ್ಲಿ ಹೊಳೆಗಳಿಲ್ಲ ಎಂದೇ ಹೇಳಬೇಕು. ಮಳೆನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ಅಡಿಯ ಗಟ್ಟಿ ಜ್ವಾಲಾಮುಖಿ ಶಿಲೆ ಸಿಗುವವರೆಗೆ ಇಳಿಯುತ್ತದೆ. ಆ ಶಿಲೆ ಮೇಲ್ಮೈಗೆ ಬಂದಿರುವ ಕಡೆ ಮಾತ್ರ ನೀರು ಹೊರಬರುತ್ತದೆ. ಪಶ್ಚಿಮ ದಡದ ‘ಡೇಲ್ಸ್’ ಎಂಬ ಕಣಿವೆಗಳ ಸಾಲು ಅಂಥದ್ದು. ಅಲ್ಲಿನ ಹ್ಯೂಸ್ ಡೇಲ್‌ನಲ್ಲಿ ಸುಣ್ಣದ ಪದರ ಕಟ್ಟಿದ ಬಂಡೆಯ ಮೇಲಿಂದ ಪುಟ್ಟ ಜಲಪಾತ ವರ್ಷವಿಡೀ ಬೀಳುತ್ತದೆ. ಹಲಗೆಬೇರುಗಳು ಹರಡಿದ ತಹೀತಿ ಚೆಸ್ಟ್‌ನಟ್ ಮರಗಳ ತೋಪಿನ ನಡುವೆ, ನೀಲಿ ಏಡಿಗಳನ್ನು ನೋಡುತ್ತ ಅಲ್ಲಿಗೆ ನಡೆದು ಹೋಗಬೇಕು.

ಪೂರ್ವ ದಡದ ಹಾಸ್ನೀಸ್ ಸ್ಪ್ರಿಂಗ್ ಇನ್ನೂ ಅಪರೂಪದ್ದು. ಕುಂದಾಪುರ, ಕುಮಟಾ ಕಡೆಯ ಅಳಿವೆಗಳಲ್ಲಿ ಕಾಣುವ ಕಾಂಡ್ಲಾ ಮರಗಳು ಉಪ್ಪುನೀರಿನ ಭರತ ಏರಿಳಿಯುವ ಕೆಸರಿನಲ್ಲಿ ಬೆಳೆಯುವಂಥವು. ಹಾಸ್ನೀಸ್ ಸ್ಪ್ರಿಂಗ್‌ನಲ್ಲಿ ಅದೇ ಬಗೆಯ ಮರಗಳು ಸಮುದ್ರ ಮಟ್ಟದಿಂದ 24ರಿಂದ 37 ಮೀಟರ್ ಎತ್ತರದಲ್ಲಿ, ಸಿಹಿನೀರಿನ ಊಟೆಯಲ್ಲಿ ನಿಂತಿವೆ. ಸುಮಾರು 1,20,000 ವರ್ಷಗಳ ಹಿಂದೆ ಅದು ಕಡಲ ದಂಡೆಯಾಗಿತ್ತು. ದಂಡೆ ಮೇಲಾದರೂ ಊಟೆ ಬತ್ತದ್ದರಿಂದ ಕಾಂಡ್ಲಾ ತಲೆಮಾರಿನಿಂದ ತಲೆಮಾರಿಗೆ ಅಲ್ಲೇ ಉಳಿಯಿತು ಎಂಬುದು ವಿಜ್ಞಾನಿಗಳ ಅಂದಾಜು. ಡೇಲ್ಸ್ ಮತ್ತು ಹಾಸ್ನೀಸ್ ಸ್ಪ್ರಿಂಗ್ ಎರಡೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಯಲ್ಲಿವೆ.

ಇಲ್ಲಷ್ಟೇ ಗೂಡು ಕಟ್ಟುವ ಹಕ್ಕಿಗಳು

ಸಾವಿರಾರು ಚದರ ಕಿ.ಮೀ. ಕಡಲಿನ ನಡುವೆ ಕಾಲೂರಲು ಇರುವ ನೆಲ ಇದೊಂದೇ ಆದ್ದರಿಂದ ಕಡಲಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಅವುಗಳಲ್ಲಿ ಅಬಟ್ ಬೂಬಿ ಇಂದು ಜಗತ್ತಿನಲ್ಲಿ ಬೇರೆಲ್ಲೂ ಗೂಡು ಕಟ್ಟುವುದಿಲ್ಲ. ಬೂಬಿಗಳ ಬಳಗದ ಉಳಿದ ಹಲವು ಹಕ್ಕಿಗಳು ನೆಲದಲ್ಲೋ ಪೊದೆಯಲ್ಲೋ ಗೂಡು ಮಾಡಿದರೆ, ಇದಕ್ಕೆ ಮಳೆಕಾಡಿನ ಎತ್ತರದ ಮರವೇ ಬೇಕು. ಒಂದು ಸಲಕ್ಕೆ ಒಂದೇ ಮೊಟ್ಟೆ. ಮರಿ ಸ್ವತಂತ್ರವಾಗಲು ವರ್ಷದ ಆಸುಪಾಸು ಬೇಕಾಗುವುದರಿಂದ ಮುಂದಿನ ಮೊಟ್ಟೆಗೆ ಎರಡು ಮೂರು ವರ್ಷ. ನೆಲಕ್ಕೆ ಬಿದ್ದ ಬೂಬಿ ಮತ್ತೆ ಹಾರಲಾರದು. ರಂಜಕದ ಅದಿರಿಗಾಗಿ ಕಾಡು ಕಡಿದು ಗಣಿ ತೆರೆದ ಜಾಗಗಳ ಅಂಚಿನಲ್ಲಿ ಗಾಳಿ ಸುಳಿದು ಬೀಸಿ, ಪಕ್ಕದ ಕಾಡಿನ ಗೂಡುಗಳಿಗೂ ಪೆಟ್ಟಾಯಿತು. ಕಡಿದ ಜಾಗದಲ್ಲಷ್ಟೇ ಅಲ್ಲ, ಕಡಿಯದ ಜಾಗದಲ್ಲೂ ಮರಿಗಳು ಕಡಿಮೆಯಾದವು. ಗಣಿ ಮುಗಿದ ನೆಲದಲ್ಲಿ ಮತ್ತೆ ಕಾಡು ಬೆಳೆಸುವ ಕೆಲಸಕ್ಕೆ ಈ ಹಕ್ಕಿಯೇ ಮುಖ್ಯ ಪ್ರೇರಣೆ.

ಕ್ರಿಸ್‌ಮಸ್ ಫ್ರಿಗೇಟ್ ಹಕ್ಕಿಯೂ ಮರಿ ಮಾಡುವುದು ಈ ದ್ವೀಪದಲ್ಲಿ ಮಾತ್ರ. ಸಂಗಾತಿಯನ್ನು ಕರೆಯುವಾಗ ಗಂಡು ಕತ್ತಿನ ಕೆಂಪು ಚೀಲವನ್ನು ಉಬ್ಬಿಸಿ ಕೂರುತ್ತದೆ. ಕಡಲಿನ ಮೇಲೆ ದಿನಗಟ್ಟಲೆ ಹಾರಬಲ್ಲ ಈ ಹಕ್ಕಿಯ ಗರಿಗಳು ನೀರನ್ನು ತಡೆಯುವುದಿಲ್ಲ. ಆದ್ದರಿಂದ ನೀರಿಗಿಳಿಯದೆ ಮೇಲ್ಮೈಯಿಂದ ಮೀನು ಎತ್ತಿಕೊಳ್ಳುತ್ತದೆ, ಇಲ್ಲವೇ ಬೇರೆ ಹಕ್ಕಿಗಳಿಂದ ಕಿತ್ತುಕೊಳ್ಳುತ್ತದೆ. ಹೊನ್ನಿನ ಬಣ್ಣದ ಉದ್ದಬಾಲದ ‘ಗೋಲ್ಡನ್ ಬೋಸನ್’ ದ್ವೀಪದ ಗುರುತಿನ ಹಕ್ಕಿ. ಕಾಡಿನೊಳಗೆ ಈ ದ್ವೀಪಕ್ಕಷ್ಟೇ ಸೀಮಿತವಾದ ಗೂಬೆ, ದೊಡ್ಡ ಪಾರಿವಾಳಗಳಿವೆ. ಇಲ್ಲಿನ ಹಣ್ಣುಬಾವಲಿ ಹಗಲಿನಲ್ಲೂ ಹಾರಾಡುವುದು ಇನ್ನೊಂದು ವಿಶೇಷ.

ದಡದಾಚೆಯ ಕಡಲು

ದ್ವೀಪದ ಸುತ್ತಲಿನ ಹವಳದ ಅಂಚು ಬಲು ಕಿರಿದು. ದಡದಿಂದ ಹತ್ತಾರು ಮೀಟರ್ ಈಜಿದರೆ ತಳ ಗೋಡೆಯಂತೆ ಕಡಿದಾಗಿ ಕಣ್ಣಿಗೆ ಕಾಣದ ಆಳಕ್ಕೆ ಇಳಿಯುತ್ತದೆ. ಫ್ಲೈಯಿಂಗ್ ಫಿಶ್ ಕೋವ್‌ನಲ್ಲಿ ಮುಖಕ್ಕೆ ಸ್ನಾರ್ಕೆಲ್ ಕಟ್ಟಿಕೊಂಡವರಿಗೂ ಈ ಗೋಡೆ ಕಾಣಸಿಗುತ್ತದೆ. ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಮೀನುಗಳು ಇಲ್ಲಿ ಸಂಧಿಸುವುದರಿಂದ, ಬೇರೆಡೆ ಎದುರಾಗದ ಜಾತಿಗಳು ಕೂಡಿ ಹುಟ್ಟಿದ ಮಿಶ್ರತಳಿಗಳು ಗಮನಾರ್ಹ ಸಂಖ್ಯೆಯಲ್ಲಿವೆ. ಡಾಲಿ ಬೀಚ್‌ನಲ್ಲಿ ಹಸಿರು ಕಡಲಾಮೆ ಮೊಟ್ಟೆಯಿಡುತ್ತದೆ. ಗ್ರೇಟಾ ಬೀಚ್‌ಗೆ ಆಮೆಗಳ ಜೊತೆ ದೂರದ ಊರುಗಳ ಪ್ಲಾಸ್ಟಿಕ್ ಕಸವೂ ತೇಲಿ ಬರುತ್ತದೆ. ಸುತ್ತಲಿನ ಕಡಲನ್ನು 2022ರಲ್ಲಿ ಸಾಗರ ಉದ್ಯಾನವೆಂದು ಘೋಷಿಸಲಾಯಿತು.

ಹಡಗಿನಲ್ಲಿ ಬಂದ ಕೇಡು

ದ್ವೀಪಕ್ಕೆ ಮನುಷ್ಯರನ್ನು ಕರೆತಂದದ್ದು ರಂಜಕದ ಅದಿರು. ಸ್ಕಾಟಿಷ್ ಮೂಲದ ನಿಸರ್ಗ ವಿಜ್ಞಾನಿ ಜಾನ್ ಮರ್‍ರೇ ಇಲ್ಲಿನ ಕಲ್ಲಿನಲ್ಲಿ ರಂಜಕ ಇರುವುದನ್ನು ಗುರುತಿಸಿದ ಬೆನ್ನಲ್ಲೇ 1888ರಲ್ಲಿ ಬ್ರಿಟನ್ ದ್ವೀಪವನ್ನು ವಶಕ್ಕೆ ತೆಗೆದುಕೊಂಡಿತು. ಗಣಿ ಶುರುವಾಗುವ ಮುನ್ನಿನ ಸ್ಥಿತಿ ದಾಖಲಾಗಲಿ ಎಂದು ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಆಂಡ್ರೂಸ್ 1897–98ರಲ್ಲಿ ಇಲ್ಲಿ ತಿಂಗಳುಗಟ್ಟಲೆ ಇದ್ದು ಪ್ರಾಣಿ, ಸಸ್ಯಗಳ ಪಟ್ಟಿ ಮಾಡಿದರು. ಆಗ ರಾತ್ರಿಯಾದರೆ ಸ್ಥಳೀಯ ಇಲಿಗಳು ಕಾಡಿನ ತುಂಬ ಓಡಾಡುತ್ತಿದ್ದವು. 1908ರಲ್ಲಿ ಅವರು ಮರಳಿದಾಗ ಎರಡೂ ಜಾತಿಯ ಸ್ಥಳೀಯ ಇಲಿಗಳು ಇರಲೇ ಇಲ್ಲ. ಹಡಗಿನಿಂದ ಇಳಿದ ಕಪ್ಪಿಲಿಗಳು ತಂದ ಸೋಂಕು ಅವನ್ನು ಹತ್ತೇ ವರ್ಷದಲ್ಲಿ ಮುಗಿಸಿತ್ತು. ಏಡಿಗಳನ್ನು ತಿನ್ನುತ್ತಿದ್ದ ಇಲಿ ಹೋದದ್ದರಿಂದಲೇ ಕೆಂಪೇಡಿಗಳು ಇಷ್ಟೊಂದು ಹೆಚ್ಚಿದವು ಎಂಬ ಊಹೆಯನ್ನೂ ಕೆಲವು ವಿಜ್ಞಾನಿಗಳು ಮುಂದಿಟ್ಟಿದ್ದಾರೆ.

ನಷ್ಟ ಅಲ್ಲಿಗೆ ನಿಲ್ಲಲಿಲ್ಲ. ಕೆಲವೇ ಗ್ರಾಂ ತೂಕದ ಪಿಪಿಸ್ಟ್ರೆಲ್ ಬಾವಲಿಗಳನ್ನು ಹಿಡಿದು ಸಾಕಿ ಉಳಿಸುವ ಯತ್ನ ಶುರುವಾಗಿದ್ದು 2009ರಲ್ಲಿ. ಆ ಹೊತ್ತಿಗೆ ಒಂದೇ ಬಾವಲಿ ಉಳಿದಿತ್ತು. ಆಗಸ್ಟ್ 26ರ ರಾತ್ರಿ ಧ್ವನಿಗ್ರಾಹಕದಲ್ಲಿ ಅದರ ಕೂಗು ದಾಖಲಾಯಿತು, ಮತ್ತೆಂದೂ ಕೇಳಲಿಲ್ಲ. ಐದು ವರ್ಷದ ಬಳಿಕ, 2014ರ ಮೇ 31ರಂದು, ‘ಗಂಪ್’ ಎಂಬ ಹೆಣ್ಣು ಹಾವುರಾಣಿಯ ಸಾವಿನೊಂದಿಗೆ ಇಲ್ಲಿನ ಕಾಡು ಹಾವುರಾಣಿಯ ಜಾತಿ ಕೊನೆಯಾಯಿತು. ನೀಲಿಬಾಲದ ಹಾವುರಾಣಿ ಮತ್ತು ಲಿಸ್ಟರ್ ಗೆಕ್ಕೊ ಎಂಬ ಹಲ್ಲಿಯನ್ನು ಸಮಯಕ್ಕೆ ಸರಿಯಾಗಿ ಹಿಡಿದು ಸಾಕಿದ್ದರಿಂದ ಅವು ಉಳಿದಿವೆ. ಕಾಡಿನಲ್ಲಿ ಮಾತ್ರ ಇಲ್ಲ. 1980ರ ದಶಕದಲ್ಲಿ ಹೊರಗಿನಿಂದ ಬಂದು ಸೇರಿಕೊಂಡ ತೋಳಹಾವಿನ ಮೇಲೆ ವಿಜ್ಞಾನಿಗಳ ಮುಖ್ಯ ಅನುಮಾನ.

ಇರುವೆ, ಅರಗು, ಕಣಜ

ಕೆಂಪೇಡಿಗಳಿಗೆ ಕುತ್ತು ತಂದದ್ದು ‘ಯೆಲ್ಲೊ ಕ್ರೇಜಿ ಆ್ಯಂಟ್’ ಎಂಬ ಹಳದಿ ಇರುವೆ. 20ನೇ ಶತಮಾನದ ಮೊದಲರ್ಧದಲ್ಲೇ ಹಡಗಿನ ಸರಕಿನೊಂದಿಗೆ ಬಂದರೂ ದಶಕಗಳ ಕಾಲ ಅದು ಸುಮ್ಮನಿತ್ತು. 1989ರಲ್ಲಿ ಅನೇಕ ರಾಣಿಗಳಿರುವ, ಎಕರೆಗಟ್ಟಲೆ ಹರಡುವ ಮಹಾಗೂಡುಗಳು ಕಾಣಿಸಿದವು. ಈ ಇರುವೆ ಕಚ್ಚುವುದಿಲ್ಲ. ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ. ಕಣ್ಣು, ಕೀಲುಗಳಿಗೆ ಆಮ್ಲ ಬಿದ್ದ ಏಡಿ ದಿಕ್ಕುಗೆಟ್ಟು, ನೀರಾರಿ ಸಾಯುತ್ತದೆ. ಗೂಡಿನ ಜಾಗದ ಏಡಿಗಳಷ್ಟೇ ಅಲ್ಲ, ವಲಸೆಯ ದಾರಿಯಲ್ಲಿ ಗೂಡು ದಾಟುವ ಏಡಿಗಳೂ ಸತ್ತವು. ಸತ್ತವುಗಳ ಲೆಕ್ಕ ಕೋಟಿ ಮೀರಿತು. ಏಡಿ ಇಲ್ಲದ ಕಡೆ ತರಗೆಲೆ ರಾಶಿಯಾಯಿತು, ಸಸಿಗಳು ಒತ್ತಾಗಿ ಎದ್ದವು, ಏಡಿಗಳು ತಿಂದು ಹದ್ದುಬಸ್ತಿನಲ್ಲಿಟ್ಟಿದ್ದ ಆಫ್ರಿಕನ್ ದೈತ್ಯ ಬಸವನಹುಳು ಕಾಡಿನೊಳಗೆ ನುಗ್ಗಿತು.

ಹೆಲಿಕಾಪ್ಟರ್‌ನಿಂದ ವಿಷದ ಆಮಿಷ ಚೆಲ್ಲಿ ಗೂಡುಗಳನ್ನು ಹಲವು ಸಲ ನಾಶ ಮಾಡಿದರೂ ಅವು ಮತ್ತೆ ತಲೆಯೆತ್ತಿದವು. ಇರುವೆಗಳ ಬಲದ ಮೂಲ ಮರದ ಮೇಲಿತ್ತು. ಅರಗಿನ ಹುಳುವಿನ ಕುಟುಂಬಕ್ಕೆ ಸೇರಿದ, ಹೊರಗಿನಿಂದಲೇ ಬಂದ ಕೀಟವೊಂದು ಮರದ ರಸ ಹೀರಿ ಸಿಹಿ ದ್ರವ ಸುರಿಸುತ್ತದೆ. ಇರುವೆಗಳ ಹೊಟ್ಟೆ ತುಂಬುವುದು ಅದರಿಂದ. ಬದಲಿಗೆ ಅವು ಕೀಟವನ್ನು ಕಾಯುತ್ತವೆ. ಆ ಕೀಟದ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ, ಎರಡು ಮಿ.ಮೀ. ಉದ್ದದ ಕಣಜವನ್ನು ಮಲೇಷ್ಯಾದಲ್ಲಿ ಪತ್ತೆಹಚ್ಚಿ, ವರ್ಷಗಟ್ಟಲೆ ಪರೀಕ್ಷಿಸಿ, 2016ರ ಡಿಸೆಂಬರ್‌ನಲ್ಲಿ ದ್ವೀಪದಲ್ಲಿ ಬಿಡಲಾಯಿತು. ಕಣಜ ಹರಡಿತು, ಸಿಹಿ ದ್ರವ ಕಡಿಮೆಯಾಯಿತು, ಮಹಾಗೂಡುಗಳು ಕುಗ್ಗಿದವು. ಮರಿಗಳು ಹೇರಳವಾಗಿ ಮರಳಿದ ವರ್ಷಗಳೂ ಕೂಡಿಬಂದು, ಕೆಂಪೇಡಿಗಳ ಸಂಖ್ಯೆ ಈಗ 10 ಕೋಟಿ ಮೀರಿದೆ ಎಂಬುದು ಉದ್ಯಾನದ ಅಂದಾಜು.

ಹೋಗುವವರಿಗೆ

ಪರ್ತ್‌ನಿಂದ ವಿಮಾನವಿದೆ. ಭಾರತೀಯರಿಗೆ ಆಸ್ಟ್ರೇಲಿಯಾದ ವೀಸಾ ಬೇಕು. ಏಡಿಗಳ ವಲಸೆ ನೋಡಲು ನವೆಂಬರ್, ಡಿಸೆಂಬರ್ ಸೂಕ್ತ. ಮೊಟ್ಟೆ ಬಿಡುವ ಸಂಭವವಿರುವ ದಿನಾಂಕಗಳನ್ನು ಉದ್ಯಾನ ಮೊದಲೇ ಪ್ರಕಟಿಸುತ್ತದೆ. ಮಳೆ ಕೈಕೊಟ್ಟರೆ ಒಂದು ತಿಂಗಳು ಮುಂದಕ್ಕೆ ಹೋಗಬಹುದು. ಕಾಡಿನ ಹಲವು ದಾರಿಗಳಿಗೆ ಫೋರ್ ವ್ಹೀಲ್ ಡ್ರೈವ್ ವಾಹನವೇ ಬೇಕು, ವೇಗ ಕಡಿಮೆಯಿರಬೇಕು. ಹಣ್ಣು, ಬೀಜ, ಬೂಟಿನ ತಳದ ಮಣ್ಣಿನ ಬಗ್ಗೆ ಅಲ್ಲಿ ಕಟ್ಟುನಿಟ್ಟಿನ ತಪಾಸಣೆಯಿದೆ. ಇಲಿ, ಹಾವು, ಇರುವೆ ಎಲ್ಲವೂ ಈ ದ್ವೀಪಕ್ಕೆ ಬಂದದ್ದು ಯಾರದೋ ಸಾಮಾನಿನ ಜೊತೆ. ಆದ್ದರಿಂದ ಹೊರಡುವ ಮುನ್ನ ಬೂಟು ತೊಳೆದು, ಚೀಲ ಕೊಡವಿಕೊಳ್ಳಿ. ತಪಾಸಣೆಯ ಸಾಲಿನಲ್ಲಿ ಸಹನೆಯಿಂದ ನಿಲ್ಲಿ.